ಎಡಗಡೆಯ ಗೋಡೆ

ನವೆಂಬರ್ 10, 2025, ಸೋಮವಾರ. ಸಿಂಧನೂರು

ಹೈದರಾಬಾದಿನಿಂದ ಕೋಚ್ ಮೇಡಂ ಫೋನ್ ಮಾಡಿದಾಗ ನಾನು ಮಸ್ಕಿಯ ಶಾಲೆಯ ಮೈದಾನದಲ್ಲಿ ಹುಡುಗಿಯರಿಗೆ ಕೊಕ್ಕೊ ಆಡಿಸುತ್ತಿದ್ದೆ. ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡದ ಎಡಗಡೆಯ ಗಾರ್ಡ್ ಮದುವೆಯಾಗಿ ದುಬೈಗೆ ಹೋದಳಂತೆ, ಜಾಗ ಖಾಲಿ ಇದೆ. ಜನವರಿ ನಾಲ್ಕಕ್ಕೆ ಕ್ಯಾಂಪು, ಹನ್ನೊಂದಕ್ಕೆ ಆಯ್ಕೆ ಪಂದ್ಯ. ಎದುರಿನವರನ್ನು ತಡೆಯುವ ಐವರ ಸಾಲಿನಲ್ಲಿ ನಿಂತರೆ ಈ ವರ್ಷದ ಕರಾರು. ಇಲ್ಲದಿದ್ದರೆ ಹೆಲ್ಮೆಟ್ಟು, ಅಂಗಿ ಎರಡೂ ವಾಪಸ್ ಕೊಟ್ಟು, ಗೆಸ್ಟ್ ಟೀಚರಾಗಿಯೇ ಸೀಟಿ ಊದುತ್ತಾ ಕೂರಬೇಕು. ಹೋದ ವರ್ಷದಂತೆ ಬೆಂಚಿನ ಮೇಲೆ ಕೂತು ನೀರಿನ ಬಾಟಲಿ ಹಂಚುವ ಭಾಗ್ಯವೂ ಇಲ್ಲ.

ಕಡೆಗೆ ಹಿಂದಿಯಲ್ಲಿ ಒಂದು ಮಾತು ಹೇಳಿದರು: "ಎಂಟು ಕಿಲೋ ಹೆಚ್ಚಾಗಿ ಬಾ."

ನಾನು ಗುಂಡು ಎಸೆಯುವವಳು. ವಿಶ್ವವಿದ್ಯಾಲಯದ ಪದಕ ಇದೆ. ಚೆಂಡನ್ನೂ ದೂರ ಎಸೆಯಬಲ್ಲೆ ಎಂದು ಹೋದ ವರ್ಷ ಮೇಡಂಗೆ ನಾಚಿಕೆ ಬಿಟ್ಟು ಹೇಳಿದ್ದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನೀನು ಗೋಡೆ" ಎಂದರು. ಆ ಮಾತು ಇನ್ನೂ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಇದೆ.

ಸಂಜೆ ಬಸ್ಸಿನಲ್ಲಿ ಮೂವರ ಸೀಟಿನ ತುದಿಯಲ್ಲಿ ಅರ್ಧ ಕುಂಡೆ ಊರಿ, ಕಂಬಿ ಹಿಡಿದು ಸಿಂಧನೂರಿನವರೆಗೆ ಬಂದೆ. ಸರಿದು ಕೂರಿ ಎಂದು ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಮೊದಲು ನನ್ನ ಮೈ ನೋಡುತ್ತಾರೆ.

ನವೆಂಬರ್ 12, ಬುಧವಾರ

ಮನೆಯಲ್ಲಿ ಹೇಳಿದೆ. ಅಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಎಂಟು ಕಿಲೋ ಕಮ್ಮಿಯೋ, ಜಾಸ್ತಿಯೋ? ಸರಿಯಾಗಿ ಕೇಳ್ಕೊಂಡಿಯೇನು?"

"ಜಾಸ್ತಿ."

ಪಾಪ, ಎರಡು ವರ್ಷದಿಂದ ನನ್ನ ತಟ್ಟೆಗೆ ಅರ್ಧ ರೊಟ್ಟಿ ಕಡಿಮೆ ಹಾಕುತ್ತಾ ಬಂದವಳು. ನೋಡಲು ಬಂದ ಗಂಡುಗಳೆಲ್ಲ ಚಹಾ ಕುಡಿದು, "ಹುಡುಗಿ ಚಲೋ ಅದಾಳ, ಆದ್ರ ಸ್ವಲ್ಪ..." ಎಂದು ಎದ್ದು ಹೋದ ಮೇಲೆ ಶುರುವಾದ ಪಥ್ಯ ಅದು. ಈಗ ಒಂದು ತಂಡ ಫೋನ್ ಮಾಡಿ ಮಗಳು ಸಾಲುತ್ತಿಲ್ಲ, ಇನ್ನೂ ಸ್ವಲ್ಪ ಕಳಿಸಿ ಎನ್ನುತ್ತಿದೆ.

ಪಕ್ಕದ ಮನೆಯ ಬಿಬಿಜಾನ್ ಖಾಲಾ ಎಂದಿನಂತೆ ಜೀರಿಗೆ ನೀರಿನ ಲೋಟ ಹಿಡಿದುಕೊಂಡೇ ಬಂದಳು. ವಾರಕ್ಕೆರಡು ಸಲ ತರುತ್ತಾಳೆ, ನಾನು ತೆಳ್ಳಗಾಗಲಿ ಎಂದು. ಅವಳಿಗೆ ಆಟ ವಿವರಿಸಿದೆ: ಹಿಂದೆ ಒಬ್ಬಳು ಚೆಂಡು ಹಿಡಿದು ನಿಂತಿರುತ್ತಾಳೆ, ಎದುರಿನವರು ಓಡಿ ಬಂದು ಅವಳನ್ನು ಕೆಡವಬೇಕು, ಅವಳು ಚೆಂಡು ಎಸೆಯುವವರೆಗೆ ನಾವು ಐವರು ಅಡ್ಡ ನಿಂತು ತಡೆಯಬೇಕು.

"ಮತ್ತ ನಿನ್ನ ಕೈಯಾಗ ಚೆಂಡು ಯಾವಾಗ ಬರತೈತಿ?"

"ಬರಂಗಿಲ್ಲ ಖಾಲಾ. ಗೋಡಿ ಚೆಂಡು ಹಿಡಿಯಂಗಿಲ್ಲ."

"ಹಂಗಾದ್ರ ಆಡಾದು ಏನು ಬೇ? ಬಾಗಲಾ ಕಾಯಾದು ಅನ್ನು."

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಅದಕ್ಕೇ ಸಿಟ್ಟು ಬಂತು. ಜೀರಿಗೆ ನೀರನ್ನು ಕರಿಬೇವಿನ ಗಿಡಕ್ಕೆ ಸುರಿದೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ತನ್ನ ತಟ್ಟೆಯ ಮೊಟ್ಟೆಯನ್ನು ನನ್ನ ತಟ್ಟೆಗೆ ಹಾಕಿದ.

ನವೆಂಬರ್ 16, ಭಾನುವಾರ

ತಿನ್ನುವುದಕ್ಕೆ ಜನ ಇದ್ದಾರೆ, ದೂಡುವುದಕ್ಕೆ ಯಾರೂ ಇಲ್ಲ. ಹೈದರಾಬಾದಿನಲ್ಲಿ ಅಭ್ಯಾಸಕ್ಕೆ ದಪ್ಪ ದಿಂಬುಗಳಿವೆ ಎಂದು ಅಪ್ಪನಿಗೆ ಹೇಳಿದೆ. ಅಪ್ಪ ನಕ್ಕ. ಮೂರು ತಲೆಮಾರಿನಿಂದ ಹತ್ತಿ ಹಿಂಜಿ ಗಾದಿ ಹೊಲಿಯುವ ಪಿಂಜಾರರ ಮನೆಯಲ್ಲಿ ದಿಂಬಿಗೆ ಬರವೇ?

ಒಂದೇ ದಿನದಲ್ಲಿ ಹೊಲಿದ. ಹಳೆ ಹತ್ತಿ ತುಂಬಿ, ನನ್ನ ಎತ್ತರಕ್ಕೆ, ಅಂಗಡಿಯ ಹಿಂದಿನ ಗೋಡೆಗೆ ಆನಿಸಿ ನಿಲ್ಲಿಸಿದ. ಓಣಿಯವರೆಲ್ಲ ನೋಡಲು ಬಂದರು. ನಾನು ಕಾಲು ಅಗಲಿಸಿ, ಸೊಂಟ ತಗ್ಗಿಸಿ, ಎರಡೂ ಅಂಗೈಯಿಂದ ಕೆಳಗಿನಿಂದ ಮೇಲಕ್ಕೆ ಒಂದೇಟು ಕೊಟ್ಟೆ.

ಗಾದಿ ಮೇಲಿನಿಂದ ಕೆಳಗಿನವರೆಗೆ ಬಿರಿದು ಹತ್ತಿಯೆಲ್ಲ ಗಾಳಿಗೆ ಹಾರಿತು. ಬಿಬಿಜಾನ್ ಖಾಲಾ ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ಬೆಳ್ಳಗಾದವು. ಅವಳು ಮೇಲೆ ನಿಂತು ನಮ್ಮ ಮೂರು ತಲೆಮಾರನ್ನೂ ನೆನೆದಳು. ನಾನು ಅಪ್ಪನ ಮುಖ ನೋಡಲಾರದೆ ನಿಂತಿದ್ದೆ. ಅಪ್ಪ ಹರಿದ ಅಂಚನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ.

"ತಪ್ಪು ನಿಂದಲ್ಲ. ಹೊಲಿಗಿದು. ಮಲಗೋರಿಗೆ ಹೊಲಿಯೋದ ಬ್ಯಾರೆ, ಬಡಿಯೋರಿಗೆ ಹೊಲಿಯೋದ ಬ್ಯಾರೆ."

ಸಂಜೆ ನಾನು, ಅಮ್ಮ, ಖಾಲಾ ಮೂವರೂ ಮಾಳಿಗೆಯ ಮೇಲೆ ಕೂತು ಮೆಣಸಿನಕಾಯಿಯಿಂದ ಹತ್ತಿ ಬಿಡಿಸಿದೆವು. ಸೀನಿ ಸೀನಿ, ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ನವೆಂಬರ್ 23, ಭಾನುವಾರ

ಎರಡನೆಯದು ಬಂತು. ಇದರಲ್ಲಿ ಹಳೆ ಹತ್ತಿ, ತೆಂಗಿನ ನಾರು, ಮೂಲೆಗಳಿಗೆ ಭತ್ತದ ಹೊಟ್ಟು. ದಬ್ಬಣದಲ್ಲಿ ಎರಡು ಸಾಲು ಹೊಲಿಗೆ. ಹೊದಿಕೆಗೆ ಮಾತ್ರ ಹೊಸ ನೀಲಿ ಪಟ್ಟೆಯ ಬಟ್ಟೆ. ಲಿಂಗಸುಗೂರಿನ ಬಸ್ಸಪ್ಪನವರು ಮಗನ ಮದುವೆಗೆಂದು ಗಾದಿ ಮಾಡಲು ಹೇಳಿದ್ದಾರೆ, ಅದರಲ್ಲಿ ಉಳಿದ ಬಟ್ಟೆಯಿದು.

ಹೊಡೆದೆ. ಅದು ಅಲ್ಲಾಡಲಿಲ್ಲ. ನನ್ನ ಭುಜ ಅಲ್ಲಾಡಿತು.

ಅಪ್ಪನ ಮೀಸೆಯಡಿ ನಗು. "ಈಗ ಹೊಡಿ."

ನವೆಂಬರ್ 27, ಗುರುವಾರ

ಬರೆಯಲು ಏನೂ ಇಲ್ಲ. ತಿಂದೆ, ದೂಡಿದೆ, ಶಾಲೆಗೆ ಹೋದೆ, ಬಂದು ದೂಡಿದೆ, ತಿಂದೆ. ಅಮ್ಮ ಸಜ್ಜೆ ರೊಟ್ಟಿಗೆ ಬೆಣ್ಣೆ ಹಚ್ಚುವುದು ನೋಡಿದರೆ ಎರಡು ವರ್ಷದ ಸಾಲ ತೀರಿಸುತ್ತಿರುವಂತಿದೆ.

ಡಿಸೆಂಬರ್ 4, ಗುರುವಾರ. ರಾತ್ರಿಯೂಟ ಆದ ಮೇಲೆ

ಇವತ್ತಿನದನ್ನು ಬರೆಯದೆ ಮಲಗಿದರೆ ನಿದ್ದೆ ಬಾರದು.

ನಿನ್ನೆ ಸಂಜೆ ಶಾಲೆಯಿಂದ ತಡವಾಗಿ ಬಂದು ದೂಡಿರಲಿಲ್ಲ. ಬೆಳಿಗ್ಗೆ ಎಂದಿನಂತೆ ಅಂಗಡಿಯ ಹಿಂದೆ ಹೋಗಿ, ಕಾಲು ಊರಿ ಗಾದಿಗೆ ಬಡಿದೆ. ಕೈ ಮೊಣಕೈವರೆಗೆ ಒಳಗೆ ಹೋಯಿತು. ಕೈಯ ಹಿಂದೆಯೇ ನಾನೂ ಹೋದೆ. ಹಣೆ ಗೋಡೆಗೆ ಬಡಿದು ನಿಂಬೆಹಣ್ಣಿನಷ್ಟು ಊದಿತು. ಬೆಣ್ಣೆಯಂಥ ಗಾದಿ. ಅಪ್ಪನನ್ನು ಕೂಗಿದೆ. ಅಪ್ಪ ಬಂದು ಒಂದು ಬೆರಳಿನಿಂದ ಒತ್ತಿ ನೋಡಿ ಹಾಗೇ ನೆಲಕ್ಕೆ ಕುಸಿದು ಕೂತ.

ಅದು ಬಸ್ಸಪ್ಪನವರ ಮನೆಯ ಮದುವೆ ಗಾದಿ, ಅಪ್ಪ ಬಿಸಿಲಿಗೆಂದು ನನ್ನ ಗಾದಿಯ ಪಕ್ಕದಲ್ಲೇ ನಿಲ್ಲಿಸಿದ್ದು. ನಿನ್ನೆ ಮಧ್ಯಾಹ್ನ ಅಪ್ಪ ಊಟಕ್ಕೆ ಹೋದಾಗ ಗೂಡ್ಸ್ ಆಟೋದ ಕನಕರಾಯ ಬಂದು, ನೀಲಿ ಪಟ್ಟೆಯದು ಎಂದು ಹೇಳಿದ್ದನ್ನೇ ಹಿಡಿದು, ಕೈಗೆ ಸಿಕ್ಕ ನೀಲಿ ಪಟ್ಟೆಯದನ್ನು ಹೇರಿಕೊಂಡು ಹೋಗಿದ್ದಾನೆ. ಮದುಮಕ್ಕಳ ಕೋಣೆಗೆ ಹೋಗಿದ್ದು ನನ್ನ ಬಡಿಯುವ ಗಾದಿ.

"ಮೂರು ತಲಿಮಾರು," ಎಂದ ಅಪ್ಪ. ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಮದುವೆ ಮನೆಗಳಿಗೆಲ್ಲ ನಮ್ಮ ಗಾದಿಯೇ ಹೋಗುವುದು. ಅಪ್ಪನ ಹೆಸರು ಇರುವುದು ಅದರ ಮೇಲೆ.

ಶಾಲೆಗೆ ರಜೆ ಹೇಳಿ, ಸರಿಯಾದ ಗಾದಿಯನ್ನು ಆಟೋಕ್ಕೆ ಹೇರಿ, ಅದರ ಮೇಲೆ ನಾನು ಕೂತೆ. ಮಸ್ಕಿ ದಾಟುವವರೆಗೂ ಅಪ್ಪ ಕನಕರಾಯನ ಜೊತೆ ಒಂದು ಮಾತೂ ಆಡಲಿಲ್ಲ.

ಲಿಂಗಸುಗೂರಿನ ಮನೆ ಮುಂದೆ ಇನ್ನೂ ಚಪ್ಪರ ಇತ್ತು. ಬಸ್ಸಪ್ಪನವರು ಹೊರಗೆ ಬಂದರು.

"ಚಾಂದ್‌ಪಾಷಾ, ನೀ ಕಳಿಸಿದ್ದು ಗಾದಿಯೇನು, ಹಾಸಗಲ್ಲೇನು? ಹೊಸ ಜೋಡಿ ಅದರ ಮ್ಯಾಲೆ ಕುಂತ್ರು, ಇಬ್ರೂ ಒಮ್ಮೆಲೇ ಎದ್ದು ನಿಂತ್ರು."

ಅಪ್ಪ ಕೈ ಮುಗಿದ. ನಾನೇ ಮುಂದೆ ಹೋಗಿ ನಡೆದದ್ದನ್ನು ಹೇಳಿದೆ. ಹಣೆಯ ನಿಂಬೆಹಣ್ಣು ಸಾಕ್ಷಿಯಾಯಿತು. ಬಸ್ಸಪ್ಪನವರು ಮೊದಲು ಮೀಸೆಯಲ್ಲಿ, ಆಮೇಲೆ ಹೊಟ್ಟೆ ಹಿಡಿದು ನಕ್ಕರು. ಹೋದ ಜೀವ ಬಂತು.

ಆದರೆ ನನ್ನ ಗಾದಿ ವಾಪಸ್ ಸಿಗಲಿಲ್ಲ. ಅದರ ಮೇಲೆ ಅವರ ತಾಯಿ ಅಮರಮ್ಮ ಕಾಲು ಚಾಚಿ ಕೂತಿದ್ದಳು.

"ಒಯ್ಯಾಕ ಬಂದೀರೇನು? ನಾ ಕೊಡಂಗಿಲ್ಲ. ಎಷ್ಟು ವರ್ಷದ ಸೊಂಟನೋವು. ನಿನ್ನಿ ರಾತ್ರಿ ಇದರ ಮ್ಯಾಲೆ ಮಲಗೀನಿ ನೋಡು, ಸೊಂಟ ಅನ್ನೋದು ಐತಿ ಅನ್ನೋದs ಮರ್ತೀನಿ."

"ಯಮ್ಮಾ, ಅದು ಮಲಗಾಕಲ್ರೀ, ಬಡಿಯಾಕ ಮಾಡಿದ್ದು."

"ಯಾರನ್ನ ಬಡೀತಿ ನೀ?"

ಖಾಲಾಗೆ ಹೇಳಿದಂತೆ ಇವಳಿಗೂ ಹೇಳಿದೆ. ಅವಳಿಗೆ ಬಾಯಿಮಾತು ಸಾಲಲಿಲ್ಲ. ಮಾಡಿ ತೋರಿಸು ಎಂದಳು. ಅಂಗಳಕ್ಕೆ ಕುರ್ಚಿ ಹಾಕಿಸಿಕೊಂಡು, ಒಂದು ತೆಂಗಿನಕಾಯಿ ಹಿಡಿದು ಕೂತಳು. ಮದುಮಗ ಶಿವಪ್ರಸಾದನೂ ಅವನ ಇಬ್ಬರು ಗೆಳೆಯರೂ ಒಬ್ಬೊಬ್ಬರಾಗಿ ಓಡಿ ಬಂದು ಅವಳನ್ನು ಮುಟ್ಟಬೇಕು, ನಾನು ತಡೆಯಬೇಕು. ಮೂವರೂ ಹಾಲು ತುಪ್ಪ ಉಂಡು ಬೆಳೆದ ಆಳುಗಳು. ಹೆಂಗಸಿನ ಮೇಲೆ ಹೇಗೆ ಬೀಳುವುದೆಂದು ಮದುಮಗ ಮೊದಲು ನಾಚಿಕೊಂಡ. ಗಾದಿಯನ್ನೇ ಎದೆಗೆ ಹಿಡಿದು ಬಾ ಎಂದೆ. ಬಂದ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಚಪ್ಪರದ ಕಂಬಕ್ಕೆ ಒರಗಿದ. ಹೊಸ ಸೊಸೆ ಬಾಗಿಲಲ್ಲಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ಆಮೇಲೆ ಮೂವರೂ ಹಟಕ್ಕೆ ಬಿದ್ದರು. ಎಡದಿಂದ ಬಂದರು, ಬಲದಿಂದ ಬಂದರು. ನಾನು ಒಂದು ಸಲವೂ ಹಿಂದೆ ನೋಡಲಿಲ್ಲ. ನೋಡುವುದು ಬೇಕಾಗಲಿಲ್ಲ. ಅಮರಮ್ಮನ ನಗು ಹಿಂದೆ ಎಲ್ಲಿಂದ ಬರುತ್ತಿದೆ ಎಂದು ಕಿವಿಗೇ ತಿಳಿಯುತ್ತಿತ್ತು. ಆ ನಗುವಿಗೂ ಓಡಿ ಬರುವವನಿಗೂ ನಡುವೆ ಮೈ ಇಟ್ಟರೆ ಆಯಿತು. ಇಷ್ಟೇ ಎಂದು ಯಾರೂ ನನಗೆ ಹೇಳಿರಲಿಲ್ಲ. ಹೋದ ವರ್ಷವೆಲ್ಲ ಅಭ್ಯಾಸದಲ್ಲಿ ಚೆಂಡು ಎಲ್ಲಿ ಹೋಯಿತೆಂದು ಕತ್ತು ತಿರುಗಿಸಿ ತಿರುಗಿಸಿಯೇ ಬೈಸಿಕೊಂಡಿದ್ದೆ.

ಒಬ್ಬನಿಗೂ ಅವಳ ಸೆರಗಿನ ತುದಿ ಸಿಗಲಿಲ್ಲ. ಮುದುಕಿ ನನ್ನನ್ನು ಹತ್ತಿರ ಕರೆದು ತೋಳು ಅಮುಕಿ ನೋಡಿದಳು.

"ಎಂಥಾ ಗಟ್ಟಿ ಮೈ ಕೊಟ್ಟಾನ ದೇವ್ರು ನಿನಗ. ಇದನ್ನ ಕರಗಿಸ್ಬ್ಯಾಡ ಬೇ."

ಹೋಳಿಗೆಗೆ ಕೂರಿಸಿದರು. ಎಷ್ಟು ತಿಂದೆನೆಂದು ನೋಡಿದವರಿಗೇ ಗೊತ್ತು. ಬರುವಾಗ ಬಸ್ಸಪ್ಪನವರು ಅಂಥದೇ ಇನ್ನೊಂದು ಗಾದಿ ತಮ್ಮ ಸೊಂಟಕ್ಕೂ ಮಾಡಿಕೊಡಲು ಹೇಳಿದರು. ವಾಪಸ್ ದಾರಿಯುದ್ದಕ್ಕೂ ಅಪ್ಪ, ಕನಕರಾಯ ಇಬ್ಬರೂ ಹಳೆ ದೋಸ್ತರಂತೆ ಹರಟೆ ಹೊಡೆದರು.

ಡಿಸೆಂಬರ್ 7, ಭಾನುವಾರ

ಹೊಸ ಗಾದಿ ಹೊಲಿಯಲು ಅಪ್ಪನಿಗೆ ಪುರಸೊತ್ತಿಲ್ಲ. ಶೂನ್ಯಮಾಸ ಬರುವುದರೊಳಗೆ ಮುಗಿಯಬೇಕಾದ ಮದುವೆಗಳೆಲ್ಲ ತಲೆಯ ಮೇಲಿವೆ. ಅದರ ಮೇಲೆ ಲಿಂಗಸುಗೂರಿನಿಂದ "ಅಮರಮ್ಮನ ಗಾದಿ" ಬೇಕೆಂದು ಮೂರು ಮನೆಯವರು ಫೋನ್ ಮಾಡಿದ್ದಾರೆ.

ಬೆಳಿಗ್ಗೆ ಅಪ್ಪ ಮನೆಯ ಹಳೆ ಗಾದಿಯನ್ನು ಮಡಿಸಿ ಎದೆಗೆ ಕಟ್ಟಿಕೊಂಡು ಓಣಿಯಲ್ಲಿ ನಿಂತ. "ಬಾ."

ಮೆಲ್ಲಗೆ ದೂಡಿದೆ. ಅಪ್ಪನಿಗೆ ಸಿಟ್ಟು ಬಂತು.

"ನಾ ಏನ್ ಗಾಜಿನ ಬಳಿಯೇನು? ಸಣ್ಣಾಕಿ ಇದ್ದಾಗ ಹತ್ತಿ ಮೂಟಿ ಜೋಡಿ ನಿನ್ನನ್ನೂ ಬೆನ್ನ ಮ್ಯಾಲೆ ಹೊತ್ತೀನಿ."

ದೂಡಿದೆ. ಅಪ್ಪನ ಚಪ್ಪಲಿ ಮಣ್ಣಿನಲ್ಲಿ ಎರಡು ಗೆರೆ ಎಳೆಯುತ್ತಾ ಬೇವಿನ ಮರದವರೆಗೆ ಹೋದವು. ಅಪ್ಪನ ಮುಖ ನನ್ನ ಮುಖದಿಂದ ಒಂದು ಗೇಣು ದೂರ. ಇಷ್ಟು ಹತ್ತಿರದಿಂದ ಅಪ್ಪ ನಗುವುದನ್ನು ನೋಡಿ ಎಷ್ಟೋ ವರ್ಷವಾಗಿತ್ತು. ನನಗೆ ಅಪ್ಪನ ಮೇಲೆ ಎಷ್ಟು ಪ್ರೀತಿ ಎಂದು ಬರೆಯಲು ನಾಚಿಕೆ. ಆದರೂ ಬರೆದಿದ್ದೇನೆ, ಇರಲಿ.

ಮರದ ಕೆಳಗೆ ದಣಿವಾರಿಸಿಕೊಳ್ಳುವಾಗ ಕೇಳಿದೆ, ಇಷ್ಟು ವರ್ಷ ಹೊಲಿದೆಯಲ್ಲ, ಯಾರಾದರೂ ಗಾದಿ ಚೆನ್ನಾಗಿದೆ ಅಂದದ್ದುಂಟೇ ಎಂದು.

"ಗಾದಿ ಯಾರ್ ನೋಡ್ತಾರ? ಮ್ಯಾಲೆ ಚಾದರ ಹಾಸ್ತಾರ, ಚಾದರ ಚಂದ ಐತಿ ಅಂತಾರ. ನಿದ್ದಿ ಚಲೋ ಆತು ಅಂದ್ರ ನಂದು ಆತು."

ಡಿಸೆಂಬರ್ 14, ಭಾನುವಾರ

ಅಪ್ಪನೊಬ್ಬನೇ ಈಗ ಹಗುರವಾಗುತ್ತಾನೆ. ಇವತ್ತು ತಳ್ಳುಗಾಡಿಯ ಮೇಲೆ ಗಾದಿ ಹಾಸಿ, ಅಪ್ಪ, ಅಮ್ಮ, ಬಿಬಿಜಾನ್ ಖಾಲಾ ಮೂವರನ್ನೂ ಕೂರಿಸಿ, ತುರ್ವಿಹಾಳದ ರಸ್ತೆಯಲ್ಲಿ ಬಗ್ಗಿ ದೂಡಿದೆ. ಭತ್ತದ ಟ್ರ್ಯಾಕ್ಟರಿನವರು ದಾರಿ ಬಿಟ್ಟರು. ಖಾಲಾ ರಾಣಿಯಂತೆ ಕೂತು ಎಲ್ಲರಿಗೂ ಸಲಾಮು ಹೇಳಿದಳು. ಯಾರೋ ಇಳಿಜಾರಿನಲ್ಲಿ "ಇವ್ರಿಗೆ ಆರಾಮಿಲ್ಲೇನು, ದವಾಖಾನಿಗಿ ಒಯ್ಯಾಕತ್ತೀಯೇನು?" ಎಂದು ಕೇಳಿದರು.

"ನಾವು ಆಟ ಆಡಾಕತ್ತೀವಿ," ಎಂದಳು ಅಮ್ಮ.

ಖಾಲಾ ಜೀರಿಗೆ ನೀರು ನಿಲ್ಲಿಸಿದ್ದಾಳೆ. ಈಗ ಖರ್ಜೂರ ಹಾಕಿದ ಹಾಲು ತರುತ್ತಾಳೆ.

ಡಿಸೆಂಬರ್ 26, ಶುಕ್ರವಾರ

ಹತ್ತಿ ತೂಗುವ ಕಾಟಾದ ಮೇಲೆ ನಿಂತೆ. ಎಂಟು ಅಂದಿದ್ದರು, ಒಂಬತ್ತಾಗಿದೆ. ಅಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು. ಮಗಳು ಪಾಸಾದಂತೆ.

ಮಸ್ಕಿ ಬಸ್ಸಿನಲ್ಲಿ ಇಬ್ಬರು ಕಾಲು ಅಗಲಿಸಿ ಮೂರು ಸೀಟು ಹಿಡಿದಿದ್ದರು. ಸರಿಯಿರಿ ಎಂದೆ, ಸರಿದರು. ಪೂರ್ತಿ ಕೂತು ನಿದ್ದೆ ಹೋದೆ. ಸ್ಟಾಪು ದಾಟಿ ಹೋಗಿ, ಶಾಲೆಗೆ ತಡವಾಯಿತು.

ಜನವರಿ 4, 2026, ಭಾನುವಾರ. ಹೈದರಾಬಾದ್

ಕ್ಯಾಂಪು ಶುರು. ಸಾಲಿಗೆ ಒಂಬತ್ತು ಜನ, ಬೇಕಾದದ್ದು ಐವರು. ಎಡಗಡೆಯ ಜಾಗಕ್ಕೆ ನನ್ನ ಜೊತೆ ಪೈಪೋಟಿ ಮಾಡುವವಳು ಪೊಲೀಸಿನವಳು, ಜಿಮ್ಮಿನಲ್ಲಿ ತಯಾರಾದ ಮೈ. ಅವಳ ತೋಳು ನೋಡಿ ನನ್ನ ತೋಳು ಮುಟ್ಟಿ ನೋಡಿಕೊಂಡೆ. ಈ ಜಾಗ ನನಗೆ ಬೇಕು. ಇಷ್ಟು ಬೇಕು ಎಂದು ಊರಿನಲ್ಲಿದ್ದಾಗ ಗೊತ್ತಿರಲಿಲ್ಲ.

ಚೆಂಡು ಎಸೆಯುವವಳು ಲಾವಣ್ಯ. ಸಪೂರ ಹುಡುಗಿ, ವರಂಗಲ್ ಕಡೆಯವಳು. ಹೋದ ವರ್ಷ ಅವಳನ್ನು ಎಷ್ಟು ಸಲ ಕೆಡವಿದ್ದರೆಂದರೆ ಈಗಲೂ ಚೆಂಡು ಹಿಡಿದ ಕೂಡಲೇ ಕಣ್ಣು ಅತ್ತಿತ್ತ ಓಡುತ್ತವೆ. ನನ್ನ ಹಿಂದೆ ನಿಂತಾಗ ಏನಾದರೂ ಮಾತಾಡುತ್ತಿರು ಎಂದು ಹೇಳಿದ್ದೇನೆ. ಏನು ಮಾತಾಡಲಿ ಎಂದಳು. ಬೈದರೂ ಆಗುತ್ತದೆ ಎಂದೆ.

ಜನವರಿ 9, ಶುಕ್ರವಾರ

ಎಸೆಯುವ ಇನ್ನೊಬ್ಬ ಹುಡುಗಿಗೆ ಮಣಿಕಟ್ಟು ಉಳುಕಿದೆ. ಮೇಡಂ ಕರೆದು, "ನಿನಗೆ ಆಸೆ ಇತ್ತಲ್ಲ, ಎಸೆಯುವ ಜಾಗಕ್ಕೆ ಬರುತ್ತೀಯಾ, ಅಲ್ಲಿ ಪೈಪೋಟಿ ಇಲ್ಲ" ಎಂದು ಕೇಳಿದರು. ಹಾಗಾದರೆ ಎಡಗಡೆ ಯಾರು ನಿಲ್ಲುತ್ತಾರೆ, ಲಾವಣ್ಯಳ ಎಡಗಿವಿಯ ಕಡೆಯಿಂದಲೇ ಎಲ್ಲರೂ ನುಗ್ಗುತ್ತಾರೆ ಎಂದೆ. ಸರಿ ಹೋಗು ಎಂದರು.

ಮಧ್ಯಾಹ್ನ ಬಿರಿಯಾನಿ. ಅಮ್ಮನ ಕೈರುಚಿ ಇಲ್ಲ, ಆದರೂ ಮೂರು ತಟ್ಟೆ.

ಜನವರಿ 11, ಭಾನುವಾರ

ಅಪ್ಪ, ಅಮ್ಮ ರಾತ್ರಿ ಬಸ್ಸಿಗೆ ಹೊರಟು ಬೆಳಿಗ್ಗೆ ಮೈದಾನಕ್ಕೇ ನೇರ ಬಂದರು. ಅಮ್ಮನ ಚೀಲದಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಖಾಲಾ ಕಳಿಸಿದ ಖರ್ಜೂರ. ಆಟ ಶುರುವಾಗುವ ಮೊದಲು ಅಪ್ಪ ಕೇಳಿದ, ಯಾರನ್ನು ನೋಡಬೇಕು ಎಂದು. ಚೆಂಡು ನೋಡಬೇಡ, ಬಿಳಿ ಅಂಗಿಯ ಸಪೂರ ಹುಡುಗಿಯನ್ನು ನೋಡುತ್ತಿರು ಎಂದೆ.

ರಾತ್ರಿ ನೀರು ಬಿಟ್ಟಿದ್ದರಿಂದ ಮೈದಾನ ಕೆಸರಾಗಿತ್ತು. ಅರ್ಧ ಆಟ ಪೊಲೀಸಿನವಳಿಗೆ, ಇನ್ನರ್ಧ ನನಗೆ. ಅವಳ ಪಾಳಿಯಲ್ಲಿ ಮಣಿಕಟ್ಟು ಉಳುಕಿದವಳ ಬದಲು ನಿಲ್ಲಿಸಿದ್ದ ಇನ್ನೊಬ್ಬ ಹುಡುಗಿ ಎಸೆದಳು, ಒಂದು ಸಲ ಬಿದ್ದಳು. ಪೊಲೀಸಿನವಳು ಚೆನ್ನಾಗಿಯೇ ಆಡಿದಳು. ನಾನು ಬೆಂಚಿನಲ್ಲಿ ಕೂತು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ ಬಿಚ್ಚಿ ಬಿಗಿಯುತ್ತಿದ್ದೆ.

ನನ್ನ ಪಾಳಿ ಬಂತು. ಮೊದಲ ಸಲ ಎದುರಿನವಳು ನನ್ನ ಭುಜದಡಿ ತೂರಿ ದಾಟಿಯೇಬಿಟ್ಟಳು. ಲಾವಣ್ಯ ಹೇಗೋ ಚೆಂಡು ಎಸೆದು ತಪ್ಪಿಸಿಕೊಂಡಳು. ಮುಗಿಯಿತು ಅಂದುಕೊಂಡೆ. ಎರಡನೇ ಸಲ ಕೆಳಗೆ ಬಗ್ಗಿದಾಗ ಹಿಂದಿನಿಂದ ಲಾವಣ್ಯಳ ದನಿ ಕೇಳಿತು. ತೆಲುಗಿನಲ್ಲಿ ನನ್ನನ್ನು ಎಮ್ಮೆ ಎಂದು ಬೈಯುತ್ತಿದ್ದಳು. ನಗು ಬಂತು. ನಗುತ್ತಲೇ ಹೊಡೆದೆ. ಆಮೇಲೆ ಆ ದನಿಗೂ ಬರುವವರಿಗೂ ನಡುವೆ ನಾನೇ ಇದ್ದೆ. ಕೆಸರಿನಲ್ಲಿ ಬಿದ್ದೆ, ಎದ್ದೆ, ಇಬ್ಬರು ಒಟ್ಟಿಗೆ ಬಂದಾಗ ಇಬ್ಬರನ್ನೂ ಅಪ್ಪಿಕೊಂಡಂತೆ ನಿಲ್ಲಿಸಿದೆ. ಯಾರು ಗೆದ್ದರು, ಎಷ್ಟಕ್ಕೆ ಎಷ್ಟು, ನನಗೆ ಈಗಲೂ ಗೊತ್ತಿಲ್ಲ. ಕೇಳುವುದು ಮರೆತೆ.

ಸೀಟಿ ಆದ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಕಣ್ಣಿನ ರೆಪ್ಪೆಯಲ್ಲೂ ಮಣ್ಣು ನನಗೆ. ಜೊತೆಯ ಹುಡುಗಿಯರು ಲಾವಣ್ಯಳ ಸುತ್ತ ಚಪ್ಪಾಳೆ ತಟ್ಟಿ ಕುಣಿದು ಆಗಷ್ಟೇ ನಿಂತಿದ್ದರು. ಮೇಡಂ ಹೆಸರು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಪ್ಪ ಹಗ್ಗ ದಾಟಿ ಮೈದಾನದೊಳಗೆ ಬಂದೇಬಿಟ್ಟ. ನನ್ನ ಕಡೆ ಬರಲಿಲ್ಲ. ಸೀದಾ ಲಾವಣ್ಯಳ ಹತ್ತಿರ ಹೋಗಿ, "ತಿರುಗು ಬೇಟಿ" ಎಂದು, ಅವಳ ಅಂಗಿಯ ಬೆನ್ನು, ತೋಳು, ಅಂಚು ಎಲ್ಲವನ್ನೂ ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ಅವಳು ಪಾಪ ಬೆಪ್ಪಾಗಿ ನಿಂತಳು.

"ಮೇಡಂ, ಇಕಡಿ ನೋಡ್ರಿ. ಇಷ್ಟು ಕೆಸರಿನಾಗ ಆಡ್ಯಾಳ, ಒಂದು ಕಲಿ ಇಲ್ಲ. ಬೆಳಿಗ್ಗೆ ಹಾಕ್ಕೊಂಡಂಗs ಐತಿ."

ಮೇಡಂಗೆ ಕನ್ನಡ ಬಾರದು. ಅವರು ಅಪ್ಪ ಹಿಡಿದಿದ್ದ ಬಿಳಿ ಅಂಗಿಯ ಅಂಚನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನನ್ನ ಹೆಸರನ್ನೇ ಮೊದಲು ಹೇಳಿದರು.

ಅಪ್ಪನಿಗೆ ಅದು ಕೇಳಿಸಲೇ ಇಲ್ಲ. ಅಮ್ಮನನ್ನು ಕೂಗಿ ಕರೆದು ಆ ಅಂಗಿಯನ್ನು ತೋರಿಸುತ್ತಿದ್ದ.